ಪಾಲಯ್ಯನ ಕಾಲಿನ ಸುದ್ದಿ

ನನ್ನ ಸಿದ್ದಪ್ಪ ಮಾವನಿಗೆ,

ನಿನ್ನ ಅಕ್ಕನ ಮಗ ಮಲ್ಲ ಚಳ್ಳಕೆರೆಯಿಂದ ಬರೆಯುತ್ತಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಯೋಗಕ್ಷೇಮ ಕೇಳಲು ಹೋಗುವುದಿಲ್ಲ. ನೀನಿದ್ದ ಕಡೆ ನಾಲ್ಕು ಜನ ಸೇರಿಯೇ ಇರುತ್ತಾರೆ, ಅವರಿಗೆ ನೀನು ಹಾಕಿ ಆಟದ ವಿಷಯ ಹೇಳುತ್ತಲೇ ಇರುತ್ತೀಯ, ಹೇಳಿದ್ದರಲ್ಲಿ ಅರ್ಧ ತಪ್ಪೂ ಇರುತ್ತದೆ. ತಿದ್ದುವುದಕ್ಕೆ ಪಕ್ಕದಲ್ಲಿ ನಾನಿಲ್ಲ, ಅದೊಂದೇ ನನಗೆ ಚಿಂತೆ.

ಹೊಸ ಮೇಷ್ಟ್ರು ದುರ್ಗದಿಂದ ನಾಲ್ಕು ಹಾಕಿ ಕೋಲು, ಒಂದು ಬಿಳಿ ಚೆಂಡು ತಂದು ಶಾಲೆಯ ಹಿಂದಿನ ಬಯಲಿನಲ್ಲಿ ಇಳಿಸಿದ ದಿನ ನೆನಪಿದೆಯಾ? ಉಳಿದ ಕೋಲುಗಳನ್ನು ನಾವೇ ಮಾಡಿಕೊಂಡೆವು. ಹುಣಸೆ ಕೊಂಬೆ ಕಡಿದು, ತುದಿಯನ್ನು ಬೆಂಕಿಗೆ ಹಿಡಿದು ಬಗ್ಗಿಸಿ, ಮೇಕೆ ಚರ್ಮ ಸುತ್ತಿದೆವು. ಗೋಲು ಕಾಯುವುದಕ್ಕೆ ನಾನು ನಿಂತಾಗ ನೀನು ಹಳೆಯ ಕಂಬಳಿ ಹರಿದು ನನ್ನ ಮೊಣಕಾಲಿನಿಂದ ಕೆಳಗೆ ಸುತ್ತಿದೆ. ಆ ಸೆಕೆಯಲ್ಲಿ ಚೆಂಡು ಬಡಿದ ನೋವಿಗಿಂತ ಕಂಬಳಿಯ ತುರಿಕೆಯೇ ಜಾಸ್ತಿ ಆಯಿತು. ಆಟದಲ್ಲಿ ಚೆಂಡು ಕಾಲಿಗೆ ತಾಗಬಾರದು ಎಂದು ಮೇಷ್ಟ್ರು ಎಷ್ಟು ಸಲ ಹೇಳಿದರೂ ನೀನು ಒಪ್ಪಲಿಲ್ಲ. ದೇವರು ಕೊಟ್ಟ ಕಾಲನ್ನು ಮನೆಯಲ್ಲಿ ಬಿಟ್ಟು ಬರುವುದಕ್ಕಾಗುತ್ತದಾ ಎಂದು ಅವರ ಜೊತೆ ಜಗಳ ಕಾಯುತ್ತಿದ್ದೆ. ಪಾಪ, ಮೇಷ್ಟ್ರು ನಿನ್ನ ಅಂಗಡಿಯ ಮಂಡಕ್ಕಿ, ಮೆಣಸಿನಕಾಯಿ ತಿನ್ನುವ ಆಸೆಗೆ ಎಲ್ಲವನ್ನೂ ಸಹಿಸಿಕೊಂಡರು.

ಪಾಲಯ್ಯ ನಮಗೆ ಸಿಕ್ಕಿದ್ದೂ ಆ ಅಂಗಡಿಯ ಮುಂದೆಯೇ ಅಲ್ಲವಾ. ಸಂತೆಯ ದಿನ. ಕುರಿ ಕಾಯುವ ಹುಡುಗ ಕಂಬಳಿ ಮಾರಲು ಬಂದು ನಿಂತಿದ್ದ. ನಿನ್ನ ಬುಟ್ಟಿಯಿಂದ ಒಂದು ಈರುಳ್ಳಿ ಉರುಳಿ ಜನರ ಕಾಲಡಿ ಓಡಿತು. ಅವನು ಕೈಯಲ್ಲಿದ್ದ ಕೋಲಿನಿಂದ ಅದನ್ನು ತಡೆದು, ಬಗ್ಗಿ ಎತ್ತಿಕೊಳ್ಳದೆ, ಅಷ್ಟೂ ಜನರ ಕಾಲುಗಳ ನಡುವೆ ದಾರಿ ನೋಡಿ ಮೆಲ್ಲಗೆ ತಳ್ಳಿದ. ಈರುಳ್ಳಿ ಬಂದು ನಿನ್ನ ಹೆಬ್ಬೆರಳಿಗೆ ಮುತ್ತಿಟ್ಟು ನಿಂತಿತು. ನೀನು ಎಣ್ಣೆಯಲ್ಲಿ ಮೆಣಸಿನಕಾಯಿ ಬಿಟ್ಟಿದ್ದನ್ನೂ ಮರೆತು, "ಲೇ ಮಲ್ಲ, ಇವನ್ನ ಬಿಡಬ್ಯಾಡ, ಹಿಡ್ಕೋ" ಎಂದೆ. ಆವತ್ತು ಒಂದು ಬಾಣಲೆ ಮೆಣಸಿನಕಾಯಿ ಕರಕಲಾಯಿತು, ಚಳ್ಳಕೆರೆಗೆ ಒಬ್ಬ ಆಟಗಾರ ಬಂದ.

ಮೊಳಕಾಲ್ಮೂರಿನವರು ನಮ್ಮನ್ನು ಸೋಲಿಸದ ವರ್ಷ ಯಾವುದಿತ್ತು ಹೇಳು? ಶೇಂಗಾ ಕಿತ್ತು ಮುಗಿದ ಮೇಲೆ ಆಟ, ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಎಲ್ಲಿ ನಡೆದರೂ ಸೋಲು ನಮ್ಮದೇ. ಅವರು ರೇಷ್ಮೆ ಸೀರೆ ನೇಯುವ ಮನೆಗಳ ಹುಡುಗರು. ಮಗ್ಗದಲ್ಲಿ ಲಾಳಿ ಓಡಿದ ಹಾಗೆ ಅವರ ಚೆಂಡು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ನಮ್ಮ ಗಾಡಿ ಅವರ ಊರ ಬಾಗಿಲಿಗೆ ಬಂದರೆ ಸಾಕು, ಕಂಬಳಿ ಊರಿನವರೇ, ಹೊದ್ದು ಮಲಗುವುದಕ್ಕೆ ಬಂದಿರಾ ಎಂದು ಕೇಳುತ್ತಿದ್ದರು. ನಿನಗೆ ಬೇರೆ ಆಸೆಯೇ ಇರಲಿಲ್ಲ. ಕಣ್ಣು ಮುಚ್ಚುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಮೊಳಕಾಲ್ಮೂರು ಸೋಲುವುದನ್ನು ನೋಡಬೇಕು. ಕಾಶಿಗೆ ಹೋಗೋಣ ಎಂದ ಅತ್ತೆಗೂ ಅದನ್ನೇ ಹೇಳಿದವನು ನೀನು.

ಪಾಲಯ್ಯ ಆಡುವುದಕ್ಕೆ ಬಂದ ಮೇಲೆ ಆ ಆಸೆಗೆ ಜೀವ ಬಂತು. ಆಟ ಎರಡು ವಾರ ಇದೆ ಎನ್ನುವಾಗ ಏನಾಯಿತು? ಸಿದ್ದಾಪುರದ ತನ್ನ ಅಕ್ಕನ ಮನೆಗೆ ಹೋದವನು ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿದ. ಹತ್ತುವಾಗ ಗೆಲುವು ಕೊಡು ಎಂದು ಬೇಡಿಕೊಂಡನಂತೆ, ಇಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದ. ಬಲಗಾಲಿನ ಪಾದ ತಿರುಚಿಕೊಂಡಿತು. ಭಾವ ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಹತ್ತಿರದ ನಾಟಿ ವೈದ್ಯರ ಮನೆಗೆ ಒಯ್ದ. ಮೂಳೆ ಕಟ್ಟುವುದರಲ್ಲಿ ಹೆಸರಾದ ಓಬಳಯ್ಯನವರು, ಒಪ್ಪೋಣ. ಆದರೆ ಮೊಳಕಾಲ್ಮೂರಿನ ಓಬಳಯ್ಯನವರು. ಆಟದ ದಿನ ಎಲ್ಲರಿಗಿಂತ ಮುಂದೆ ಕೂತು, ಎಲ್ಲರಿಗಿಂತ ಜೋರಾಗಿ ಕೂಗುವ ಓಬಳಯ್ಯನವರು. ಸುದ್ದಿ ಕೇಳಿ ನೀನು ಜರಡಿ ಸೌಟು ಕೆಳಗಿಟ್ಟೆ. "ಹೋಗಿ ಹೋಗಿ ಅವರ ಕೈಯಾಗೇ ಕಾಲು ಕೊಟ್ಟು ಕುಂತವ್ನಲ್ಲೋ" ಎಂದೆ.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಊರಿಗೆ ಊರೇ ನಿನ್ನ ಅಂಗಡಿಯ ಮುಂದೆ. ಮೊಳಕಾಲ್ಮೂರಿನ ದಿಕ್ಕಿನಿಂದ ಬಂದ ಯಾವ ಗಾಡಿಯನ್ನೂ ನಾವು ಸುಮ್ಮನೆ ಬಿಡುತ್ತಿರಲಿಲ್ಲ. ಎತ್ತಿನ ಮುಂದೆ ನಿಂತು, ಪಾಲಯ್ಯನ ಕಾಲು ಹೇಗಿದೆ ಎಂದು ಕೇಳುವುದೇ ಕೆಲಸ. ಒಳ್ಳೆಯ ಸುದ್ದಿ ತಂದವನಿಗೆ ನೀನು ಒಂದು ಮೊರ ಮಂಡಕ್ಕಿ ಪುಕ್ಕಟೆ ಕೊಟ್ಟೆ. ಕೆಟ್ಟ ಸುದ್ದಿ ತಂದವನಿಗೆ ನೀರು ಕೂಡ ಇಲ್ಲ. ಗಾಡಿಯವರು ದಡ್ಡರೇ? ಮಾರನೆಯ ದಿನದಿಂದ ಬರೀ ಒಳ್ಳೆಯ ಸುದ್ದಿ. ಊತ ಇಳಿದಿದೆ ಎಂದ ಒಬ್ಬ. ನಡೆಯುತ್ತಿದ್ದಾನೆ ಎಂದ ಇನ್ನೊಬ್ಬ. ಮೊಳಕಾಲ್ಮೂರನ್ನೇ ನೋಡದ ಮೂರನೆಯವನು, ಪಾಲಯ್ಯ ಬಾವಿ ಹಾರಿ ದಾಟಿದ್ದನ್ನು ಕಣ್ಣಾರೆ ಕಂಡೆ ಎಂದು ಎರಡು ಮೊರ ಮಂಡಕ್ಕಿ ತಿಂದು ಹೋದ. ಅತ್ತೆ, "ಇನ್ನೆಲ್ಡು ದಿನ ಹೋದ್ರೆ ನಿಮ್ಮ ಪಾಲಯ್ಯ ಹಾರ್ಕೊಂಡೇ ಬತ್ತಾನೆ ಬಿಡ್ರಿ, ಗಾಡಿ ಯಾಕೆ" ಎಂದಳು.

ಅಂಥ ಹೊತ್ತಿನಲ್ಲಿ ನರಸಿಂಹುಲು ಬಂದ. ಸೀರೆಯ ಗಂಟುಗಳನ್ನು ತರುವ, ತೆಲುಗು ಮನೆಮಾತಿನ ಗಾಡಿಯವನು. ಮಂಡಕ್ಕಿಯ ಕಡೆ ನೋಡಲಿಲ್ಲ. ಗಾಡಿಯಿಂದ ಇಳಿದು, ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಓಬಳಯ್ಯನವರೇ ಚಳ್ಳಕೆರೆಯವರಿಗೆ ಹೇಳಿ ಕಳಿಸಿದ ಮಾತು ಎಂದ. ಆಮೇಲೆ ನೆಲ ನೋಡುತ್ತಾ, "ಒಕ ಕಾಲು ತಕ್ಕುವ ಉಂದಂಟ" ಎಂದ. ಒಂದು ಕಾಲು ಕಡಿಮೆ ಇದೆಯಂತೆ. ನಮ್ಮ ಕಡೆ ತೆಲುಗು ತಿಳಿಯದವರು ಯಾರಿದ್ದಾರೆ? ಮಂಡಕ್ಕಿಯ ಆಸೆ ಬಿಟ್ಟು ಹೇಳಿದವನ ಮಾತನ್ನು ನಂಬದೆ ಇರುವುದಾದರೂ ಹೇಗೆ? ಹಿಂದೆ ಯಾರೋ, ಕಾಲು ಮುಟ್ಟಿಸಬಾರದ ಆಟಕ್ಕೆ ಒಂದು ಕಾಲು ಸಾಲದಾ ಎಂದು ಮೆಲ್ಲಗೆ ಅಂದರು. ನೀನು ತಿರುಗಿ ನೋಡಿದ ನೋಟಕ್ಕೆ ಆ ಮನುಷ್ಯ ಇವತ್ತಿಗೂ ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಾನೆ. ಅಳುವುದೋ ಬೈಯುವುದೋ ತಿಳಿಯದೆ ಅತ್ತೆ ಎರಡನ್ನೂ ಮಾಡಿದಳು. "ಊರ ಹೆಸರಾಗೇ ಮೂರು ಮೊಳಕಾಲು ಇಟ್ಕಂಡವ್ರೆ. ನಮ್ಮ ಹುಡುಗಂದೊಂದು ಯಾಕೆ ಬೇಕಾಗಿತ್ತು ಅವ್ರಿಗೆ?"

ವ್ಯಾಪಾರದ ಹೊತ್ತಿನಲ್ಲಿ ನೀನು ಅಂಗಡಿಗೆ ಹಲಗೆ ಇಟ್ಟು ಮುಚ್ಚಿದ್ದು ಅದೇ ಮೊದಲು. ಅರ್ಧ ಗಳಿಗೆಯಲ್ಲಿ ಎರಡು ಗಾಡಿ ಹೂಡಿಸಿದೆ. ಇದ್ದವುಗಳಲ್ಲಿ ಒಳ್ಳೆಯ ಹಾಕಿ ಕೋಲನ್ನು ಆರಿಸಿ, ತಲೆಕೆಳಗು ಮಾಡಿ, ಬಾಗಿದ ತುದಿಗೆ ಹತ್ತಿ ಇಟ್ಟು ಬಟ್ಟೆ ಸುತ್ತಿದೆ. ಏನು ಮಾವ ಇದು ಎಂದರೆ, ಕಂಕುಳಿಗೆ ಒತ್ತಬಾರದಲ್ಲ ಎಂದೆ. ದಾರಿಯಲ್ಲಿ ಒಂದು ರಾತ್ರಿ ತಂಗಿ, ಮಾರನೆಯ ದಿನವೆಲ್ಲ ಹೋದೆವು. ಅಷ್ಟು ದೂರದಲ್ಲಿ ನಿನ್ನ ಬಾಯಿಂದ ಆಟದ ಮಾತು ಒಂದು ಸಲವೂ ಬರಲಿಲ್ಲ, ಗಮನಿಸಿದ್ದೀಯಾ? ಒಂಟಿ ಕಾಲಲ್ಲಿ ಕುರಿ ಹಿಂದೆ ಹೇಗೆ ಹೋಗುತ್ತಾನೆ, ಅವನ ಅವ್ವನಿಗೆ ಏನು ಹೇಳುವುದು, ಅಂಗಡಿಯಲ್ಲಿ ತಕ್ಕಡಿ ಹಿಡಿದು ಕೂತರೆ ಅವನಿಗೆ ಬೇಸರ ಆಗುತ್ತದೋ ಏನೋ... ಇದೇ. ನನಗೆ ಆವತ್ತೇ ಅನ್ನಿಸಿತು, ಈ ಮನುಷ್ಯನಿಗೆ ಹಾಕಿ ಎನ್ನುವುದು...  ಬಿಡು, ನೀನು ಹೊಗಳಿಸಿಕೊಳ್ಳುವವನಲ್ಲ.

ಓಬಳಯ್ಯನವರ ಅಂಗಳ ಕಣ್ಣ ಮುಂದೆ ಬರುತ್ತದೆ. ಕಟ್ಟೆಯ ಮೇಲೆ ಪಾಲಯ್ಯ ಕೂತು ಸಜ್ಜೆ ರೊಟ್ಟಿ ತಿನ್ನುತ್ತಿದ್ದ. ಎದುರಿಗೆ ಎರಡು ಕಾಲೂ ಚಾಚಿದ್ದವು. ನೀನು ಗಾಡಿಯಿಂದ ಇಳಿದವನೇ ಮಾತಿಲ್ಲದೆ ಒಂದನ್ನು ಮುಟ್ಟಿದೆ, ಇನ್ನೊಂದನ್ನು ಮುಟ್ಟಿದೆ, ಮತ್ತೆ ಮೊದಲನೆಯದನ್ನು ಮುಟ್ಟಿದೆ. ಪಾಲಯ್ಯ ಕಚಗುಳಿಯಾಗಿ ಕಾಲು ಎಳೆದುಕೊಂಡ. ಒಳಗಿನಿಂದ ಬಂದ ಓಬಳಯ್ಯನವರು ಏನು ವಿಷಯ ಎಂದರು. ನರಸಿಂಹುಲು ಹೇಳಿದ್ದನ್ನು ನಾನು ಹೇಳಿದೆ. ಅವರು ಎದೆ ಹಿಡಿದುಕೊಂಡು ಕಟ್ಟೆಗೆ ಒರಗಿದರು, ನಗುತ್ತಿದ್ದಾರೆ ಎಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು.

"ನೋವನ್ನ ನಾನು ಪಾಲು ಹಾಕಿ ಹೇಳೋದು ಕಣ್ರಿ. ಕಾಲು ಪಾಲು ವಾಸಿ, ಅರ್ಧ ವಾಸಿ, ಮುಕ್ಕಾಲು ವಾಸಿ. ಇವಂದು ಮುಕ್ಕಾಲಾಗೈತೆ. ಪೂರ್ತಿ ಆಗಾಕೆ ಇನ್ನೂ ಒಂದು ಕಾಲು ಕಮ್ಮಿ ಐತೆ ಅಂತ ಹೇಳಿ ಕಳಿಸ್ದೆ."

ನಮ್ಮ ಹಿಂದೆಯೇ ಬಂದಿದ್ದ ನರಸಿಂಹುಲು ಕೈ ಮುಗಿದ. "ನೀವು ಹೇಳೋ ಆ ಕಾಲು ನಮಗೆ ಪಾವು, ಸಾಮಿ. ನಮ್ಮ ತೆಲುಗು ಮಾತಲ್ಲಿ ಕಾಲಂಟೆ ಇದೇ" ಎಂದು ತನ್ನ ತೊಡೆ ತಟ್ಟಿ ತೋರಿಸಿದ. ನೀನು ಅವನಿಗೆ ಬೈಯಲಿಲ್ಲ. "ಕಾಲು ಮುರ್ಕಂಡೋನ ವಿಷಯದಾಗೆ ಯಾರಾದ್ರೂ ಕಾಲು ಅಂತ ಲೆಕ್ಕ ಹೇಳ್ತಾರೇನ್ರಿ ಯಜಮಾನ್ರೆ? ನಾಕಾಣೆ ಅನ್ರಿ, ಅರ್ಧದಾಗರ್ಧ ಅನ್ರಿ, ಏನಾರ ಅನ್ರಿ" ಎಂದು ಓಬಳಯ್ಯನವರ ಮೇಲೆ ಹರಿಹಾಯ್ದೆ. ಬೈಯುತ್ತಾ ಬೈಯುತ್ತಾ ನಿನ್ನ ಕಣ್ಣಿಂದ ನೀರು ಸುರಿಯಿತು. ಪಾಲಯ್ಯ ತನ್ನ ರೊಟ್ಟಿ ಮುರಿದು ನಿನಗೆ ಕೊಟ್ಟ.

ಆ ವರ್ಷ ಆಟ ನಮ್ಮ ಊರಿನಲ್ಲಿ. ಆಟದ ದಿನ ಬೆಳಿಗ್ಗೆ ಓಬಳಯ್ಯನವರು ನಿನ್ನನ್ನು ಕರೆದು ಮಾತು ತೆಗೆದುಕೊಂಡರು. ಮುಕ್ಕಾಲು ವಾಸಿಯಾದ ಕಾಲು, ಮುಕ್ಕಾಲು ಆಟಕ್ಕೆ ಮಾತ್ರ. ತಾವು ಕೈ ಎತ್ತಿದಾಗ ಹುಡುಗ ಹೊರಗೆ ಬರಬೇಕು ಎಂದರು. ಮೋಸ ಇರಬಹುದು ಎಂದು ನಮ್ಮವರು ಗೊಣಗಿದರು. ಆಟ ಶುರುವಾಯಿತು. ಪಾಲಯ್ಯ ಕುಂಟುತ್ತಲೇ ಒಂದು ಗೋಲು ಹೊಡೆದ. ಅವರೂ ಒಂದು ಹೊಡೆದರು. ಸಮ. ಚೆಂಡು ಮತ್ತೆ ಮತ್ತೆ ಅವರ ಗೋಲಿನ ಹತ್ತಿರವೇ ಹೋಗುತ್ತಿತ್ತು, ಇನ್ನೇನು, ಇನ್ನೇನು ಎನ್ನುವಾಗ ಓಬಳಯ್ಯನವರ ಕೈ ಮೇಲೆ ಹೋಯಿತು. ಪಾಲಯ್ಯ ನೋಡಿಯೂ ನೋಡದ ಹಾಗೆ ಓಡಿದ. ಆಡಲಿ ಬಿಡಿ, ಆಡಲಿ ಬಿಡಿ ಎಂದು ನಮ್ಮವರೆಲ್ಲ ಕೂಗಿದರು. ಗೋಲಿನಲ್ಲಿ ನಿಂತು ನಾನೂ ಕೂಗಿದೆ. ನೀನು ಏನು ಮಾಡಿದೆ? ಪಂಚೆ ಎತ್ತಿ ಕಟ್ಟಿ, ಆಟದ ನಡುವೆಯೇ ಬಯಲಿಗೆ ಇಳಿದೆ. ಮೇಷ್ಟ್ರು ಸೀಟಿ ಊದುತ್ತಲೇ ಇದ್ದರು. ನೀನು ಪಾಲಯ್ಯನನ್ನು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡೆ.

"ಗೋಲು ಬರೋ ವರ್ಷ ಹೊಡಿಯೋವಂತೆ ಬಾರೋ. ಕುರಿ ನಾಳೀಕೇ ಮೇಯಬೇಕು."

ಅವನಿಲ್ಲದೆ ನಾವು ಇನ್ನೊಂದು ಗೋಲು ತಿಂದು ಸೋತೆವು. ಗೆದ್ದವರಿಗಿಂತ ಹೆಚ್ಚಾಗಿ ನಗುತ್ತಿದ್ದವನು ನೀನು. ಓಬಳಯ್ಯನವರು ನಿನಗೆ ಎಲೆ ಅಡಿಕೆ ಕೊಟ್ಟು, ಮುಂದಿನ ವರ್ಷ ಹುಡುಗನನ್ನು ಪೂರ್ತಿಯಾಗಿ ಕರೆದುಕೊಂಡು ಬನ್ನಿ ಎಂದರು.

ಆ ಮುಂದಿನ ವರ್ಷಕ್ಕೆ ಮುಂಚೆ, ಶ್ರಾವಣದಲ್ಲಿ, ನೀನು ಮೂರು ದಿನದ ಜ್ವರ ಅಂತ ಮಲಗಿ... ಅದನ್ನು ಬರೆಯುವುದಿಲ್ಲ. ನಿನಗೆ ತಿಳಿಯದ್ದನ್ನು ಬರೆಯುವುದಕ್ಕಲ್ಲವೇ ನಾನು ಕೂತದ್ದು. ಆ ವರ್ಷ ನಾವು ಆಡಲಿಲ್ಲ. ಮೊಳಕಾಲ್ಮೂರಿನವರೂ, ಈ ಸಲ ಬೇಡ ಎಂದು ಅವರಾಗಿಯೇ ಹೇಳಿ ಕಳಿಸಿದರು.

ಮೊನ್ನೆ ಸೋಮವಾರ ಆಡಿದೆವು, ಅವರ ಊರಿನಲ್ಲೇ. ಅತ್ತೆಯೂ ಗಾಡಿಯಲ್ಲಿ ಬಂದಿದ್ದಳು. ಜನ್ಮದಲ್ಲಿ ಆಟ ನೋಡದವಳು, ಬಯಲಿನ ಅಂಚಿನಲ್ಲಿ ಸೆರಗು ಹೊದ್ದು ಕೂತು, ಆ ಕಡೆ ಓಡುವವರು ಯಾಕೆ ಈ ಕಡೆ ಓಡುತ್ತಾರೆ ಎಂದು ಪಕ್ಕದವರನ್ನು ಕೇಳುತ್ತಿದ್ದಳಂತೆ. ಪಾಲಯ್ಯ ಮೊದಲಿನಿಂದ ಕೊನೆಯವರೆಗೂ ಆಡಿದ. ನನ್ನ ಕಡೆಗೆ ಬಂದ ಚೆಂಡುಗಳೇನು ಕಡಿಮೆಯಾ? ಒಂದು ಎದೆಗೆ ಬಡಿದು ಉಸಿರು ನಿಂತಿತು, ಆದರೂ ಒಳಗೆ ಬಿಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮೂರು ಜನರನ್ನು ದಾಟಿಕೊಂಡು ಹೋದ ಪಾಲಯ್ಯ, ಚೆಂಡನ್ನು ಜೋರಾಗಿ ಹೊಡೆಯುತ್ತಾನೆ ಎಂದು ಎಲ್ಲರೂ ಕಾಯುವಾಗ, ಮಲಗಿದ ಮಗುವನ್ನು ಸರಿಸುವ ಹಾಗೆ ಮೆತ್ತಗೆ ಒಳಗೆ ಸರಿಸಿದ. ಅದರ ಹಿಂದೆಯೇ ಆಟ ಮುಗಿದ ಸೀಟಿ ಕೇಳಿಸಿತು. ನಮ್ಮವರಿಗೆ ಹೇಗೆ ಕೂಗಬೇಕು ಎಂದೇ ಗೊತ್ತಿರಲಿಲ್ಲ, ಅಭ್ಯಾಸವಿರಲಿಲ್ಲವಲ್ಲ.

ನಾನು ಓಡಿಕೊಂಡು ಅತ್ತೆಯ ಹತ್ತಿರ ಹೋದೆ. ಮುಗಿಯಿತಾ, ಯಾರು ಗೆದ್ದರು ಎಂದು ಕೇಳಿದಳು. ನಾವೇ ಅತ್ತೆ ಎಂದೆ. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನನಗೆ ಹೇಳಿದ್ದಾತು. ಇನ್ನೊಂದ್ಸಲ ಹೇಳು ಮಲ್ಲ, ನಿಮ್ಮಾವಂಗೂ ಕೇಳಂಗೆ."

ನಾನು ಬಯಲಿನ ನಡುವೆ ಹೋಗಿ ನಿಂತು, ಇದ್ದಷ್ಟೂ ಉಸಿರು ಸೇರಿಸಿ ಕೂಗಿದೆ. ಮೊಳಕಾಲ್ಮೂರಿನವರೆಲ್ಲ ತಿರುಗಿ ನೋಡಿದರು. ನಾಲ್ಕು ದಿನವಾದರೂ ನನ್ನ ಗಂಟಲು ಇನ್ನೂ ಕಟ್ಟಿಕೊಂಡೇ ಇದೆ, ಅದಕ್ಕೇ ಬಾಯಲ್ಲಿ ಹೇಳದೆ ಬರೆಯುತ್ತಿದ್ದೇನೆ. ನಾವು ಗೆದ್ದೆವು ಮಾವ. ಮೊಳಕಾಲ್ಮೂರು ಸೋತಿತು.

ನಿನ್ನ
ಮಲ್ಲ