ರೇಡಿಯೇಟರ್ ಸೋರುತ್ತಿದೆ, ಬನ್ನಿ

ಮಧುಗಿರಿ,
ಬುಧವಾರ, 12 ಫೆಬ್ರವರಿ 2025

ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಬಿಸಿಲು ಕಾಯುವ ಕೆಲಸಕ್ಕೆ ಹೋಗಿರುವ ನನ್ನ ಯಜಮಾನರಿಗೆ ಶ್ರೀಲತಾ ಮಾಡುವ ನಮಸ್ಕಾರ.

ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡಿಯೂ ಉತ್ತರ ಕೊಡುವುದಿಲ್ಲ. ಅದಕ್ಕೇ ಪಾವಗಡದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಪತ್ರ ಕಳುಹಿಸುತ್ತಿದ್ದೇನೆ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ.

ಶನಿವಾರ ಮೋಹನ್ ಕುಮಾರ್ ಅವರನ್ನು ಕಳುಹಿಸಬೇಡಿ. ನಮ್ಮ ಸ್ಟುಡಿಯೋದ ಎಡಿಟಿಂಗ್ ಕಂಪ್ಯೂಟರನ್ನು ಅವರಿಗೆ ಮಾರುವ ಮಾತು ಕೊಟ್ಟಿದ್ದೀರಿ, ಗೊತ್ತು. ಬಿಸಿಯಾಗಿ ಆಫ್ ಆಗುವ ಮೆಷಿನ್ ಬೇಡ ಎಂದು ಅವರು ಹೇಳಿದ್ದಕ್ಕೆ, ನೀರು ಹರಿಸಿ ತಣ್ಣಗಿಡುವ ಸಾಮಾನೆಲ್ಲ ಪಾರ್ಸೆಲ್ ಮಾಡಿ, ‘ಕೂರಿಸಿ ಕೊಟ್ಟುಬಿಡು’ ಎಂದು ಒಂದು ಚೀಟಿ ಇಟ್ಟಿರಿ. ಮನೆ ಬಿಟ್ಟ ಮೇಲೆ ಹೆಂಡತಿಗೆ ಬರೆದದ್ದು ಅದೊಂದೇ ಸಾಲು. ಕೂರಿಸಿದೆ. ಅದು ಸೋರುತ್ತಿದೆ.

ಇವಳೇ ಏನೋ ಎಡವಟ್ಟು ಮಾಡಿದ್ದಾಳೆ ಎನ್ನಬೇಡಿ. ಆ ಪಾರ್ಸೆಲಿನಲ್ಲಿದ್ದ ರೇಡಿಯೇಟರನ್ನು ಹಾಗೇ ಕೂರಿಸಲು ಧೈರ್ಯವಾಗದೆ ಶಿರಾಕ್ಕೆ ಹೋಗಿ, ಲಾರಿ ರೇಡಿಯೇಟರ್ ರಿಪೇರಿ ಮಾಡುವ ಶಫೀವುಲ್ಲಾ ಭಾಯ್ ಮುಂದೆ ಇಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕುಬಿಟ್ಟರು. “ಲಾರೀದು ನೋಡಿವ್ನಿ, ಟ್ರ್ಯಾಕ್ಟರ್‌ದು ನೋಡಿವ್ನಿ. ಕಂಪ್ಯೂಟರ್‌ಗೂ ರೇಡಿಯೇಟರ್ ಇರ್ತೈತೆ ಅಂತ ಇವತ್ತೇ ನೋಡ್ತಿರೋದು ಕಣಮ್ಮ” ಎಂದರು. ಒಂದು ಬಾಯಿಗೆ ರಬ್ಬರ್ ಬಿರಡೆ ಜಡಿದು, ಇನ್ನೊಂದರಿಂದ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದರು. ಗುಳ್ಳೆ ಎದ್ದರೆ ತೂತು, ಏಳದಿದ್ದರೆ ಸರಿ. ಏಳಲಿಲ್ಲ. ಆದರೆ ಲಾರಿಗೆ ಹೊಡೆಯುವಷ್ಟು ಗಾಳಿಯನ್ನೇ ಇದಕ್ಕೂ ಹೊಡೆದರೋ ಏನೋ, ತೆಳು ತಗಡಿನ ಬೆಸುಗೆ ಬಾಯಿಯ ಹತ್ತಿರ ಬಿಟ್ಟಿರಬೇಕು.

ಮನೆಗೆ ತಂದು ಕೂರಿಸಿ, ನೀವು ಹಿಂದೆ ಹೇಳಿಕೊಟ್ಟಂತೆ ಬೇರೆ ಯಾವುದಕ್ಕೂ ಕರೆಂಟ್ ಕೊಡದೆ ನೀರು ಹರಿಸುವ ಪಂಪ್ ಮಾತ್ರ ಓಡಿಸಿದೆ. ಜಾಯಿಂಟ್ ಇರುವ ಕಡೆಯೆಲ್ಲ ಟಿಶ್ಯೂ ಪೇಪರ್ ಹಾಸಿ ಮುಂದೆಯೇ ಕೂತೆ. ನಿಮ್ಮ ಅಮ್ಮ ಬಾಗಿಲಲ್ಲಿ ನಿಂತು, “ಅದೇನೇ, ಕೋಳಿ ಕಾವ್ ಕೊಟ್ಟಂಗೆ ಕುಂತಿದ್ದೀಯ? ಎದ್ದು ಉಣ್ಣು” ಎಂದು ಬೈದರು. ಊಟ ಸೇರಲಿಲ್ಲ. ಸಂಜೆ ನೋಡುವಾಗ ರೇಡಿಯೇಟರಿನ ಬಾಯಿಯ ಕೆಳಗಿನ ಪೇಪರ್ ಒದ್ದೆಯಾಗಿತ್ತು. ಮುಟ್ಟಿ ನೋಡಿದೆ, ನೀರೇ.

ಇಲ್ಲಿ ಇದನ್ನು ಸರಿ ಮಾಡುವವರು ಯಾರೂ ಇಲ್ಲ. ಒಂದೊಂದೇ ಭಾಗ ತಂದು ಈ ಕಂಪ್ಯೂಟರನ್ನು ಜೋಡಿಸಿದವರು ನೀವು. ನೀವೇ ಬರಬೇಕು. ಮೋಹನ್ ಕುಮಾರ್ ಇದನ್ನು ಕಾರಿನಲ್ಲಿಟ್ಟುಕೊಂಡು ಕೊರಟಗೆರೆಗೆ ಹೋಗಿಬಿಟ್ಟರೆ ನೀವು ಈ ಮನೆ ಕಡೆ ತಲೆ ಹಾಕಲು ಏನು ಉಳಿಯುತ್ತದೆ? ಬಟ್ಟೆ ಒಯ್ದಿರಿ, ಕ್ಯಾಮೆರಾ ಒಯ್ದಿರಿ. ನಮ್ಮಿಬ್ಬರ ನಡುವೆ ಉಳಿದಿರುವುದು ಈ ಪೆಟ್ಟಿಗೆಯೊಂದೇ. ಸ್ಟುಡಿಯೋ ಮುಚ್ಚೋಣ ಎಂದಿರಿ, ನಾನು ಒಲ್ಲೆ ಎಂದೆ. ಅಷ್ಟಕ್ಕೆ ಇಷ್ಟು ದಿನ ಮುಖ ತಿರುಗಿಸಿಕೊಂಡಿರುತ್ತಾರೆಯೇ? ಬೇಕಾದರೆ ಮುಚ್ಚಿ. ಬೀಗ ನಾನೇ ಹಾಕುತ್ತೇನೆ. ನಿಮ್ಮಷ್ಟು ಹಟ ನನ್ನ ಕೈಲಾಗುವುದಿಲ್ಲ, ಸೋತೆ ಎಂದೇ ತಿಳಿಯಿರಿ. ನನಗೆ ನಿಜವಾಗಿಯೂ ಭಯವಾಗುತ್ತಿದೆ ರೀ.

ಶುಕ್ರವಾರ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಒಮ್ಮೆ ಬಂದು ಕಣ್ಣಾರೆ ನೋಡಿ. ನನ್ನ ಮುಖ ನೋಡಿದ ಮೇಲೂ ಮಾರುತ್ತೇನೆ ಎಂದರೆ ನಾನೇ ಎತ್ತಿ ಅವರ ಕಾರಿನಲ್ಲಿಡುತ್ತೇನೆ.

ಇನ್ನೂ ನಿಮ್ಮವಳೆಂದೇ ಬರೆದುಕೊಳ್ಳುತ್ತಿರುವ,
ಶ್ರೀಲತಾ

ವಿ.ಸೂ.: ಅಂಟಿಸಿದ್ದ ಕವರನ್ನು ಮತ್ತೆ ಬಿಚ್ಚಿದೆ. ನಿಮ್ಮ ಸಿಟ್ಟು ನನಗೆ ಗೊತ್ತು. ನೀವು ಶಿರಾಕ್ಕೆ ಹೋಗಿ ಶಫೀವುಲ್ಲಾ ಭಾಯ್ ಮೇಲೆ ಎಗರಾಡಿದರೆ ಆ ಪಾಪ ನನಗೆ ಬೇಡ. ಅವರು ಲಾರಿಯ ಗಾಳಿ ಮುಟ್ಟಲೇ ಇಲ್ಲ. ನಾಜೂಕು ಸಾಮಾನೆಂದು ಸೈಕಲ್ ಪಂಪಿನಲ್ಲಿ ಮೆಲ್ಲಗೆ ಹೊಡೆದಿದ್ದರು. ಅವರ ಕೆಲಸದಲ್ಲಿ ಒಂದು ಚೂರೂ ತಪ್ಪಿಲ್ಲ. ಸಂಜೆಯವರೆಗೂ ಪೇಪರ್ ಒಣಗಿಯೇ ಇತ್ತು. ಇನ್ನು ಕೊಟ್ಟುಬಿಡಬೇಕಲ್ಲ ಎನ್ನಿಸಿ, ರೇಡಿಯೇಟರಿನ ಬಾಯಿಯ ಜಾಯಿಂಟನ್ನು ಸಡಿಲ ಮಾಡಿದವಳು ನಾನೇ. ಬಿಗಿ ಮಾಡಲು ನನಗೆ ಬರುತ್ತದೆ. ಮಾಡಿಲ್ಲ. ಕೆಳಗೊಂದು ಬಟ್ಟಲಿಟ್ಟುಕೊಂಡು ಕೂತಿದ್ದೇನೆ.