ಸತ್ತವರ ಪಟ್ಟಿಯಲ್ಲಿ ಬದುಕಿದ್ದವನ ಹೆಸರು

ಸಾನ್ ಐರೆನಿಯೊ ವಿಶ್ವವಿದ್ಯಾಲಯದ ಚಾಪೆಲ್
ಇಲೊಯ್ಲೊ
ಭಾನುವಾರ, 17 ಅಕ್ಟೋಬರ್ 1993

ಪ್ರೀತಿಯ ಇಸ್ಯಾಂಗ್,

ನಿನ್ನ ಎರಡು ಕಾಗದ ಬಂದು ಕೂತಿವೆ. ಒಂದಕ್ಕೂ ಉತ್ತರ ಬರೆದಿಲ್ಲ, ಬೈದುಕೋ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಒಂದು ಹಾಳೆ ತುಂಬಿಸುವುದೆಂದರೆ ಒಂದು ದಿನದ ಕೂಲಿ ಕೆಲಸ. ಎರಡನೆಯ ಕಾಗದದ ಕವರನ್ನು ಇರುವೆಗಳು ಅರ್ಧ ತಿಂದಿದ್ದವು. ಮೂವತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದೇನೆ, ಕವರಿಗೆ ಅನ್ನದ ಅಗುಳು ಮೆತ್ತಬೇಡ, ಒಂದು ಅಂಟಿನ ಬಾಟಲಿ ಇಟ್ಟುಕೋ ಅಂತ. ಹಡಗಿನ ಅಡುಗೆಯವನು ಪೆಪೆ ಅದನ್ನು ನನ್ನ ಕೈಗೆ ಕೊಡುವಾಗ, "ನೋಡಿ ಅಣ್ಣ, ನಿಮ್ಮ ಮನೆಯೋರು ಕಾಗದದ ಜೊತೆ ಊಟಾನೂ ಕಳ್ಸವ್ರೆ" ಎಂದು ಹಲ್ಲು ಕಿರಿದ.

ನಿನ್ನ ತಂಗಿಯ ಕಾಲಿನ ಊತ ಇಳಿಯಿತೇ? ಹತ್ತು ದಿನ ಎಂದು ಕೂಯೊ ದ್ವೀಪಕ್ಕೆ ಹೋದವಳು ಇವತ್ತಿಗೆ ಹದಿನೇಳು ದಿನ. ನನಗೆ ಒಂದು ಅನುಮಾನವಿದೆ, ಹೇಳಿಬಿಡುತ್ತೇನೆ. ಎರಡು ಕಾಗದದಲ್ಲೂ ಬ್ಯಾಸ್ಕೆಟ್‌ಬಾಲ್ ಆಟದ ಬಗ್ಗೆ ಒಂದು ಅಕ್ಷರವಿಲ್ಲ. ರೇಡಿಯೊದಲ್ಲಿ ಸಾನ್ ಐರೆನಿಯೊ ಸೋತರೆ ತಟ್ಟೆ ಎಸೆಯುವವಳು ನೀನು. ನಿನ್ನ ಮೊಮ್ಮಗ ಎರ್ವಿನ್ ಆಡುತ್ತಾನೆ, ನೀನು ಅಂಕ ಎಷ್ಟು ಎಂದೂ ಕೇಳಲಿಲ್ಲ. ಹಾಗಾದರೆ ತಂಗಿಗೆ ಬಹಳ ಜಾಸ್ತಿಯಾಗಿದೆ, ನನ್ನಿಂದ ಮುಚ್ಚಿಡುತ್ತಿದ್ದೀಯ. ನಿಜ ಬರಿ.

ನಿನ್ನ ಹಂದಿ ಚೆನ್ನಾಗಿದೆ. ಎರ್ವಿನ್ ಚೆನ್ನಾಗಿದ್ದಾನೆ. ಇಲ್ಲಿ ಚೆನ್ನಾಗಿರುವುದು ಅವೆರಡೇ. ನೀನು ಹೋದ ಮೂರನೇ ದಿನ, ಶನಿವಾರ, ನಮ್ಮ ಚಾಪೆಲ್‌ನಲ್ಲಿ ನಡೆದದ್ದು ಆ ದ್ವೀಪದವರೆಗೂ ತಲುಪಿರಬೇಕು. ತಲುಪಿರದಿದ್ದರೆ ನನ್ನಿಂದಲೇ ಕೇಳು.

ಬೆಳಿಗ್ಗೆ ಆರರ ಪೂಜೆ. ಅಂದು ಮಧ್ಯಾಹ್ನ ನದಿಯಾಚೆಯ ಕಾಲೇಜಿನ ಜೊತೆ ಫೈನಲ್ ಇದ್ದುದರಿಂದ ಬೆಂಚುಗಳೆಲ್ಲ ತುಂಬಿದ್ದವು. ಹುಡುಗರು ಹಸಿರು ಅಂಗಿ ಹಾಕಿಕೊಂಡೇ ಮೊಣಕಾಲೂರಿದ್ದರು. ಫಾದರ್ ಆನ್ಸೆಲ್ಮೊ ಜನ ಬರೆದು ಹಾಕಿದ ಪ್ರಾರ್ಥನೆಯ ಕೋರಿಕೆಗಳ ಪಟ್ಟಿ ಓದಿದರು. ಕೃತಜ್ಞತೆಯವರು ಆಯಿತು, ಕಾಯಿಲೆಯವರು ಆಯಿತು. ಆಮೇಲೆ ಸತ್ತವರ ಆತ್ಮಗಳು. ಏಳನೆಯದೋ ಎಂಟನೆಯದೋ ಹೆಸರು, ರೊಮೆಲ್ ಹಲ್ಬುಯೇನ.

ಇಡೀ ಇಲೊಯ್ಲೊದಲ್ಲಿ ಆ ಹೆಸರು ಯಾರದೆಂದು ತಿಳಿಯದ ಒಬ್ಬನೇ ಮನುಷ್ಯ ಆ ಮುದಿ ಸ್ಪೇನಿನ ಪಾದ್ರಿ. ನದಿಯಾಚೆಯವರ ಎತ್ತರದ ಆಟಗಾರ. ಹೋದ ವರ್ಷ ಮೊಣಕೈಯಿಂದ ನಮ್ಮ ಎರ್ವಿನ್‌ನ ಎರಡು ಹಲ್ಲು ಉದುರಿಸಿದವನು. ಆ ಹಲ್ಲುಗಳನ್ನು ನೀನು ಬೆಂಕಿಪೊಟ್ಟಣದಲ್ಲಿ ಹಾಕಿ ಸಂತ ಅಂತೋನಿಯ ಕಾಲಬಳಿ ಇಟ್ಟಿದ್ದೀಯ, ನಿನಗೆ ಬೇರೆ ಹೇಳಬೇಕಾಗಿಲ್ಲ.

ಹುಡುಗರ ಬೆಂಚಿನಿಂದ ಕಿಸಕ್ಕನೆ ನಗು ಬಂತು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಮಾರುಕಟ್ಟೆಯಲ್ಲಿ ಮೀನು ಮಾರುವ ಲೋಲಿತ. ಅವನ ತಾಯಿ. ಅಂಗಡಿ ತೆರೆಯುವ ಮುಂಚೆ ದಿನವೂ ಇಲ್ಲೇ ಪೂಜೆಗೆ ಬರುತ್ತಾಳೆ, ಹತ್ತಿರವೆಂದು.

"ಫಾದರ್, ನನ್ ಮಗ ಈಗ ತಾನೇ ಮೂರು ಬ್ರೆಡ್ ತಿಂದು ಹೊರಗೆ ಹೋದ. ಯಾವಾಗ ಸತ್ತ?"

ಕೂಗಿ ಕೇಳಲಿಲ್ಲ, ಇಸ್ಯಾಂಗ್. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದಳು. ಫಾದರ್ ಕನ್ನಡಕ ತೆಗೆದು ಒರೆಸಿ ಮತ್ತೆ ಪಟ್ಟಿ ನೋಡಿದರು. ಅವಳು ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಮಗನನ್ನು ಹುಡುಕಿಕೊಂಡು ಓಡಿದಳು. ಆ ಚಪ್ಪಲಿ ಇನ್ನೂ ನನ್ನ ಬೀರುವಿನಲ್ಲಿದೆ.

ಮಧ್ಯಾಹ್ನ ಮೂರಕ್ಕೆ ಆಟ ಶುರುವಾಗುವಷ್ಟರಲ್ಲಿ ಸುದ್ದಿ ಕ್ರೀಡಾಂಗಣ ತುಂಬಿತ್ತು. ರೊಮೆಲ್ ಗೆರೆಯ ಹಿಂದೆ ನಿಂತು ಫ್ರೀ ಥ್ರೋ ಎಸೆಯಲು ಚೆಂಡು ಎತ್ತಿದಾಗಲೆಲ್ಲ ನಮ್ಮ ಕಡೆಯ ಮೂರು ಸಾವಿರ ಜನ ಒಟ್ಟಿಗೆ ಸತ್ತವರ ಪ್ರಾರ್ಥನೆ ಹೇಳಿದರು. "ಪ್ರಭುವೇ, ಅವನಿಗೆ ನಿತ್ಯ ವಿಶ್ರಾಂತಿಯನ್ನು ಕೊಡು." ಬಾಯಿಪಾಠ ಬೇಕಿರಲಿಲ್ಲ, ಎಲ್ಲರೂ ಅಜ್ಜಿಯ ತೊಡೆಯ ಮೇಲೆ ಕಲಿತದ್ದು. ಮೇಣದಬತ್ತಿ ಹಚ್ಚಿ ಆಡಿಸಿದರು. ಎರಡನೇ ಸಾಲಿನಲ್ಲಿ ಇಬ್ಬರು ಸಿಸ್ಟರುಗಳು ಬಾಯಿಗೆ ಮುಸುಕು ಒತ್ತಿ ನಗುತ್ತಿದ್ದರು. ವಕೀಲ ತೆಯೊದೊರೊ, ಪ್ರತಿ ಭಾನುವಾರ ಬಲಿಪೀಠದ ಮುಂದೆ ಬೈಬಲ್ ವಾಚನ ಓದುವವನು, ಎದ್ದು ನಿಂತು, "ಯಾಕಪ್ಪಾ ಎದ್ದು ಬಂದೆ? ಗುಂಡಿ ತಣ್ಣಗಿತ್ತಾ?" ಎಂದು ಕೂಗಿದ. ನಾನೂ ನಕ್ಕೆ. ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ.

ಆಟ ಮುಗಿಯಲು ಆರು ನಿಮಿಷ ಇದ್ದಾಗ ಅವನು ಚೆಂಡಿಗೆ ಹಾರಿ ಇಳಿದ. ಕಾಲು ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ. ಹಸಿಬಿದಿರು ಸೀಳಿದ ಹಾಗೆ ಸದ್ದು ನಾನಿದ್ದ ಬಾಗಿಲಿಗೂ ಕೇಳಿತು. ಆಮೇಲೆ ಯಾರೋ ಚಪ್ಪಾಳೆ ಹೊಡೆದರು, ಉಳಿದವರು ಸೇರಿಕೊಂಡರು.

ನಾವು ಗೆದ್ದೆವು. ಆಟ ಮುಗಿದ ಮೇಲೆ ಸೋತವರ ಕಾಲೇಜು ಗೀತೆಗೆ ಗೆದ್ದವರೂ ಎದ್ದು ನಿಲ್ಲಬೇಕಲ್ಲ, ನಮ್ಮವರು ಬೆನ್ನು ತಿರುಗಿಸಿ ಹೊರನಡೆದರು. ನಿಂತವನು ನಿನ್ನ ಎರ್ವಿನ್ ಒಬ್ಬನೇ. ಮಾರನೆಯ ದಿನ ಬೆಚ್ಚಗಿನ ಬ್ರೆಡ್ಡಿನ ಪೊಟ್ಟಣ ಹಿಡಿದು ಆಸ್ಪತ್ರೆಗೂ ಹೋದ. "ನಿನ್ನ ಹಲ್ಲು ಉದುರಿಸಿದವನಿಗಾ?" ಎಂದೆ. "ಲೋಲೊ, ಅದು ಆಟದಲ್ಲಿ ತಾಗಿದ್ದು. ಹಲ್ಲಿನ ಲೆಕ್ಕ ಇಟ್ಕೊಂಡಿರೋದು ತಾತ ಅಜ್ಜಿ ನೀವಿಬ್ರೇ, ನಾನಲ್ಲ" ಎಂದ. ಕಪಾಳಕ್ಕೆ ಬಿಡಬೇಕೆನಿಸಿತು. ಬಿಡಲಿಲ್ಲ.

ಈಗ ಮುಖ್ಯ ವಿಷಯ. ಆ ಹೆಸರು ಕೊಟ್ಟವರು ಯಾರು? ವಿಶ್ವವಿದ್ಯಾಲಯ ನಡೆಸುವ ರೆಕ್ಟರ್ ಫಾದರ್‌ಗೆ ಬಿಷಪ್ಪರಿಂದ ಕಾಗದ ಬಂದಿದೆ. ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡುತ್ತಿದ್ದಾರೆ. ನನ್ನನ್ನೂ ಕರೆಸಿ ಕೇಳಿದರು, ಚಾಪೆಲ್‌ನ ಗಂಟೆಯೂ ಬತ್ತಿಯೂ ಬೀಗವೂ ನನ್ನವೇ ಅಲ್ಲವೇ. ನನ್ನ ಮೇಲೆಯೇ ಸಂಶಯವೇ? ಮೈ ಉರಿದುಹೋಯಿತು. ನಾನೇ ಹಿಡಿದುಕೊಡುತ್ತೇನೆ ಎಂದು ಹೊರಟೆ.

ಮೊದಲು ಗೇಟಿನ ಕಾವಲುಗಾರ ಬೆರ್ತೊನನ್ನು ಹಿಡಿದೆ. ಅವನು ಪಂದ್ಯದ ಮೇಲೆ ಹುಂಜ ಪಣವಿಟ್ಟಿದ್ದ. "ನಾನು ಸತ್ರೂ ನನ್ ಹೆಸರು ಬರೆಯೋಕೆ ಬರಲ್ಲ ಮಾರಾಯ್ರೇ, ಇನ್ನು ಅವನದ್ದು ಹೇಗೆ ಬರೀಲಿ?" ಎಂದ. ಅದು ನಿಜ. ಹಾಡಿನ ಮೇಷ್ಟ್ರು ಕ್ರೀಡಾಂಗಣದಲ್ಲಿ ಆ ಪ್ರಾರ್ಥನೆಯನ್ನು ಅಷ್ಟು ಚೆನ್ನಾಗಿ ಶ್ರುತಿ ಹಿಡಿದು ಹಾಡಿಸಿದ್ದು ಹೇಗೆ ಎಂದು ಅವರ ಮೇಲೂ ಒಂದು ದಿನ ಕಣ್ಣಿಟ್ಟೆ. ತೆಯೊದೊರೊನ ಮನೆಯ ಮುಂದೆ ಎರಡು ಸಲ ಸುಮ್ಮನೆ ಅಡ್ಡಾಡಿದೆ. ಅವನ ನಾಯಿ ನನ್ನ ಮೇಲೆ ಸಂಶಯಪಟ್ಟಿತು.

ಕೊನೆಗೆ ಹೊಳೆಯಿತು. ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಬಿದ್ದ ಕೋರಿಕೆಯ ಕವರುಗಳನ್ನು ಶುಕ್ರವಾರ ಒಡೆದು ಮೂರು ಪಟ್ಟಿಯಾಗಿ ಟೈಪ್ ಮಾಡುವವಳು ಜೊವಿತ. ಅಂತಿಕೆ ಪ್ರಾಂತ್ಯದ ಬೆಸ್ತರ ಹುಡುಗಿ, ಶುಲ್ಕವಿಲ್ಲದೆ ಓದುತ್ತಾಳೆ, ಅದಕ್ಕೆ ಬದಲಾಗಿ ಚಾಪೆಲ್ ಕಚೇರಿಯ ಕೆಲಸ. ಆಟದ ದಿನ ದೊಡ್ಡ ಡೋಲು ಬಾರಿಸುವವಳೂ ಅವಳೇ. ಡೋಲು ಬಾರಿಸುತ್ತ ನಗುತ್ತಿದ್ದುದನ್ನು ನನ್ನ ಕಣ್ಣಾರೆ ಕಂಡಿದ್ದೆ.

ಕಚೇರಿಗೆ ಹೋಗಿ ಮೇಜು ಗುದ್ದಿದೆ. "ಟೈಪ್ ಮಾಡಿದ್ದು ಯಾರು?"

"ನಾನೇ ಲೋಲೊ." ನಮ್ಮ ಮೊಮ್ಮಗನ ಹಾಗೆ ಅವಳೂ ನನ್ನನ್ನು ತಾತ ಎಂದೇ ಕರೆಯುತ್ತಿದ್ದಳು. "ಕವರಿನಲ್ಲಿ ಇದ್ದಿದ್ದನ್ನ ಟೈಪ್ ಮಾಡಿದೆ. ಸತ್ತವರು ಅನ್ನೋ ಕಡೆ ಗುರುತು ಹಾಕಿತ್ತು. ಅದೇ ಹೆಸರಿನ ಬೇರೆ ಯಾರೋ ಅಜ್ಜ ಇರಬೇಕು ಅಂದ್ಕೊಂಡೆ."

"ಕವರೆಲ್ಲಿ?"

"ನೀವೇ ತಾನೇ ಎಲ್ಲಾ ಕವರು ಕಟ್ಟಿ ತಗೊಂಡ್ ಹೋಗೋದು?"

ನೋಡಿದೆಯಾ, ನನ್ನ ತಲೆಗೇ ಕಟ್ಟುವ ಧೈರ್ಯ. ರೆಕ್ಟರ್ ಫಾದರ್ ಮುಂದೆ ಕೈಯನ್ನು ಬೈಬಲ್ ಮೇಲಿಟ್ಟು ಹೇಳಿದೆ: ಕವರುಗಳನ್ನು ಕಟ್ಟುವವನು ನಾನು, ಅಂಥ ಕವರು ಇರಲೇ ಇಲ್ಲ, ಹುಡುಗಿ ತಾನೇ ಹೆಸರು ಸೇರಿಸಿದ್ದಾಳೆ. ಅವಳು ಅಳಲಿಲ್ಲ, ಅದೂ ನನಗೆ ಸರಿಬರಲಿಲ್ಲ. ತಪ್ಪು ಮಾಡದವರು ಅಳುತ್ತಾರೆ ಎಂದುಕೊಂಡೆ. ಬರುವ ಶುಕ್ರವಾರ ಹತ್ತು ಗಂಟೆಗೆ ಕೊನೆಯ ವಿಚಾರಣೆ. ಹೆಸರು ತೆಗೆದು ಊರಿಗೆ ಕಳಿಸುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಈಗ ದಿನವೂ ಚಾಪೆಲ್ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ನಿನ್ನೆ ನಾನು ದಾಟುವಾಗ ಎದ್ದು, "ಗುಡ್ ಮಾರ್ನಿಂಗ್, ಸರ್" ಎಂದಳು. ನನ್ನನ್ನು ಜನ್ಮದಲ್ಲಿ ಯಾರೂ ಸರ್ ಎಂದಿರಲಿಲ್ಲ.

ರೊಮೆಲ್‌ನ ಕಾಲಿಗೆ ಎರಡನೇ ಸಲ ಆಪರೇಷನ್ ಮಾಡಬೇಕಂತೆ. ಇನ್ನು ಆಡಲಾರ ಎನ್ನುತ್ತಾರೆ. ಲೋಲಿತ ಈಗ ಪೂಜೆಗೆ ಬರುವುದಿಲ್ಲ. ಹೆಸರು ಓದಿದ್ದಕ್ಕೇ ಹೀಗಾಯಿತು ಎಂದು ಮಾರುಕಟ್ಟೆಯೆಲ್ಲ ನಂಬಿದೆ. ನಾನು ಅದನ್ನೆಲ್ಲ ನಂಬುವುದಿಲ್ಲ. ಆದರೂ ಬೆಳಿಗ್ಗೆ ಪಟ್ಟಿ ಓದುವಾಗ ಈಗ ಕಿವಿಗೊಟ್ಟು ಕೇಳುತ್ತೇನೆ, ನನ್ನ ಹೆಸರು ಇದೆಯೋ ಎಂದು.

ನೀನು ಬೇಗ ಬಾ. ನಾನು ಬೇಯಿಸಿದ ಅನ್ನವನ್ನು ಹಂದಿಯೂ ಮೂಸಿ ನೋಡಿ ತಿನ್ನುತ್ತದೆ. ನೀನು ಹೊರಟ ದಿನ ನಾನು ಬಾಡಿಗೆ ಟ್ರೈಸಿಕಲ್‌ನಲ್ಲಿ ಕೂತು ಹಡಗು ತಪ್ಪುತ್ತದೆ ಎಂದು ಅರಚಿದ್ದು ತಪ್ಪೇ. "ಒಂದು ಬತ್ತಿ ಹಚ್ಚಿ ಬರ್ತೀನಿ, ಬಾಯ್ ಮುಚ್ಕೊಂಡ್ ಕೂತ್ಕೋ" ಎಂದು ನೀನು ಚಾಪೆಲ್ ಒಳಗೆ ಹೋದಾಗ ನಾನು ಆಡಿದ ಮಾತು ಮರೆತುಬಿಡು. ದೇವರ ಮುಂದೆ ನಿಲ್ಲುವವಳನ್ನು ಅವಸರ ಮಾಡಬಾರದಿತ್ತು. ನಿನ್ನ ತಂಗಿಗೆ ಮಾತೆ ಮರಿಯಳು ಎದ್ದು ನಡೆಯುವ ಶಕ್ತಿ ಕೊಡಲಿ. ನಿನ್ನ ಬೆನ್ನುನೋವನ್ನು ಅವಳೇ ನೋಡಿಕೊಳ್ಳಲಿ.

ನಿನ್ನ
ಓಸ್ತಿಂಗ್

ಮತ್ತೆ ಬರೆದದ್ದು, ಮಂಗಳವಾರ:

ಕಾಗದ ಕಳಿಸುವ ಮುಂಚೆ ಇವತ್ತು ಬೆಳಿಗ್ಗೆ ಮೇಣ ಕರಗಿಸಲು ಕೂತೆ. ಉರಿದುಳಿದ ಬತ್ತಿಯ ತುಂಡುಗಳನ್ನು ನಾನು ಹಳೆಯ ಕೋರಿಕೆಯ ಕವರುಗಳಲ್ಲೇ ಸುತ್ತಿಡುತ್ತೇನೆಂದು ನಿನಗೆ ಗೊತ್ತು. ಮೂರನೇ ಸುತ್ತನ್ನು ಬಿಚ್ಚಿದಾಗ ಕವರಿನ ಮೇಲೆ ಆ ಹೆಸರಿತ್ತು, ಯಾರ ಕೈಬರಹವೆಂದು ತಿಳಿಯದ ಹಾಗೆ ಅಚ್ಚಿನಂಥ ಬಿಡಿ ಅಕ್ಷರಗಳಲ್ಲಿ. ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ಅಂಥ ಕವರು ಇಲ್ಲವೆಂದು ಬೈಬಲ್ ಮುಟ್ಟಿ ಹೇಳಿದೆನಲ್ಲ, ಆ ಕಟ್ಟುಗಳನ್ನು ನಾನು ಬಿಚ್ಚಿಯೇ ನೋಡಿರಲಿಲ್ಲ. ಹುಡುಗಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ.

ಕವರಿನ ಮಡಿಕೆಯಲ್ಲಿ ಒಂದು ಅನ್ನದ ಅಗುಳು ಒಣಗಿ ಅಂಟಿಕೊಂಡಿದೆ.

ನಾಲ್ಕು ಗಂಟೆ ಕಾಲ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಬೇರೆ ಯಾರಾದರೂ ಅನ್ನ ಮೆತ್ತುತ್ತಾರೆಯೇ ಎಂದು ಬೀದಿಯ ಒಂದೊಂದೇ ಮನೆಯನ್ನು ನೆನೆದೆ. ಬೆರ್ತೊನ ಹೆಂಡತಿ, ಹಾಡಿನ ಮೇಷ್ಟ್ರ ಅಕ್ಕ, ಯಾರೂ ಸಿಗಲಿಲ್ಲ. ನಿನ್ನನ್ನು ಹಡಗು ಹತ್ತಿಸಿ ಬಂದು ಚಾಪೆಲ್‌ನ ಮೇಣದಬತ್ತಿಯ ಸ್ಟ್ಯಾಂಡ್ ಒರೆಸಿದವನು ನಾನೇ. ಅದರಲ್ಲಿ ಹೊಸ ಬತ್ತಿ ಒಂದೂ ಇರಲಿಲ್ಲ, ಅದೂ ಈಗ ನೆನಪಾಗುತ್ತಿದೆ. ಆಟದ ಅಂಕವನ್ನು ನೀನು ಯಾಕೆ ಕೇಳಲಿಲ್ಲ ಎನ್ನುವುದೂ ಗೊತ್ತಾಯಿತು. ನಿನ್ನ ತಂಗಿಯ ಕಾಲು ಊದಿರಲೇ ಇಲ್ಲವೇನೋ.

ಎರಡು ಹಲ್ಲಿಗಾಗಿ ನೀನು ಒಬ್ಬ ತಾಯಿಗೆ ಅವಳ ಮಗ ಸತ್ತನೆಂದು ದೇವರ ಮನೆಯಲ್ಲಿ ಓದಿಸಿದೆ, ಇಸ್ಯಾಂಗ್. ನಾನು ಇನ್ನೊಬ್ಬ ತಾಯಿಯ ಮಗಳನ್ನು ಕಳ್ಳಿ ಮಾಡಿದೆ. ನಿನ್ನದು ದೊಡ್ಡದೋ ನನ್ನದು ದೊಡ್ಡದೋ ಎಂದು ಜಗಳವಾಡಲು ನನಗೆ ಶಕ್ತಿಯಿಲ್ಲ.

ನಾಳೆ ಬುಧವಾರದ ಹಡಗಿನಲ್ಲಿ ಪೆಪೆ ಇದನ್ನು ತರುತ್ತಾನೆ. ಅದೇ ಹಡಗು ಗುರುವಾರ ಸಂಜೆ ಅಲ್ಲಿಂದ ಹೊರಡುತ್ತದೆ, ಶುಕ್ರವಾರ ಎಂಟಕ್ಕೆ ಇಲ್ಲಿ ಬಂದರಿನಲ್ಲಿರುತ್ತದೆ. ನಾನು ಟ್ರೈಸಿಕಲ್ ಹಿಡಿದು ಕಾಯುತ್ತೇನೆ. ನೀನು ಇಳಿದರೆ ಇಬ್ಬರೂ ಒಟ್ಟಿಗೆ ರೆಕ್ಟರ್ ಫಾದರ್ ಹತ್ತಿರ ಹೋಗೋಣ, ಆಮೇಲೆ ಲೋಲಿತಳಿಗೆ ಅವಳ ಚಪ್ಪಲಿ ಕೊಟ್ಟುಬರೋಣ. ಇಳಿಯದಿದ್ದರೆ ಕವರನ್ನು ನಾನೊಬ್ಬನೇ ಮೇಜಿನ ಮೇಲಿಟ್ಟು, ಇದು ನನ್ನ ಹೆಂಡತಿಯದು ಎನ್ನುತ್ತೇನೆ. ಹುಡುಗಿಗೆ ಇನ್ನೂ ಹೇಳಿಲ್ಲ. ಮೆಟ್ಟಿಲ ಮೇಲೆ ಕೂತಿದ್ದಾಳೆ ಎಂದು ಇವತ್ತು ಹಿಂಬಾಗಿಲಿನಿಂದ ಹೋದೆ.

ಮನೆಯಲ್ಲಿ ಅಂಟು ಇರಲಿಲ್ಲ. ಈ ಕವರು ಮುಚ್ಚಲು ಮಡಕೆಯಿಂದ ಒಂದು ಅಗುಳು ತೆಗೆದುಕೊಂಡೆ. ಮೆತ್ತಲು ಕೈ ಬರಲಿಲ್ಲ. ದಾರ ಸುತ್ತಿ ಕಳಿಸಿದ್ದೇನೆ.