ಫಕ್ಕೀರವ್ವ ಅಳದ ದೃಶ್ಯ

ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ೨೧೮೯

ಹಿಂದಿನ ಕಾಲದ ನಿಮಗೆ,

ಈ ತಾರೀಖು ನಿಮ್ಮಲ್ಲಿಲ್ಲವೆಂದು ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳಿಗೆ ಹೆಸರಿಲ್ಲ. ನಿಮ್ಮ ಕನ್ನಡವನ್ನು ನಾನು ಹಳೆಯ ಸಿನಿಮಾ ನೋಡಿ ಕಲಿತವಳು. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ.

ಬಿಸಿಲೇರಿದ ಮೇಲೆ ನಮ್ಮ ಊರು ನೆಲದ ಮೇಲೆ ಇರುವುದಿಲ್ಲ. ಎಲ್ಲರೂ ತಂಪುಮನೆಗೆ, ಅಂದರೆ ನೆಲದಡಿಯ ದೊಡ್ಡ ಹಜಾರಕ್ಕೆ ಇಳಿಯುತ್ತೇವೆ. ಮಕ್ಕಳು ಮಲಗುತ್ತಾರೆ, ದೊಡ್ಡವರು ನವಣೆ ಕೇರುತ್ತಾರೆ, ಯಾರೂ ಹೆಚ್ಚು ಮಾತಾಡುವುದಿಲ್ಲ. ಅಲ್ಲಿನ ಗೋಡೆಯ ಮೇಲೆ ಉಳಿದುಬಂದ ಸಿನಿಮಾ ತೋರಿಸುವುದು ನನ್ನ ಕೆಲಸ. ನಮ್ಮಂಥವರನ್ನು ತೆರೆಗಾಪಿನವರು ಎನ್ನುತ್ತಾರೆ. ಈ ಸಲ ನನ್ನ ಪಾಲಿಗೆ ಬಂದದ್ದು ‘ಹತ್ತಿ ಗೋದಾಮು’. ನಿಮ್ಮ ಕಾಲದಲ್ಲಿ ಇದೇ ಊರಿನ ದ್ರಾಕ್ಷಾಯಣಿ ಬಳಿಗಾರ ಎಂಬಾಕೆ ಮಾಡಿದ್ದು. ಆಕೆಯ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಕ್ಯಾಮೆರಾ ಹಿಡಿದವನು ಮದುವೆಗಳ ವಿಡಿಯೊ ಮಾಡುತ್ತಿದ್ದ ಇಮಾಮಹುಸೇನ.

ಕಥೆ ನಿಜವಾಗಿ ನಡೆದದ್ದು. ಗೋದಾಮಿನ ಕಾವಲುಗಾರ ಗುರುಶಿದ್ಧ ಕಳ್ಳತನವೊಂದನ್ನು ಕಣ್ಣಾರೆ ಕಂಡ, ಅದಕ್ಕೇ ಕೊಲೆಯಾದ. ಕೊಂದವನು ಸಿಗಲಿಲ್ಲ. ತಾಯಿಯ ಪಾತ್ರಕ್ಕೆ ದ್ರಾಕ್ಷಾಯಣಿ ಅವನ ಹೆತ್ತ ತಾಯಿ ಫಕ್ಕೀರವ್ವನನ್ನೇ ಕೇಳಿದಳು. ಆಕೆ ಒಪ್ಪಿದಳು.

ಸಿನಿಮಾದ ಜೊತೆ ಚಿತ್ರೀಕರಣದ ತುಣುಕುಗಳೂ ಸಿಕ್ಕಿವೆ. ಒಂದರಲ್ಲಿ ಶವಾಗಾರದ ದೃಶ್ಯ. ಮಗನಾಗಿ ಮಲಗಿದ್ದ ನಟನ ಮುಖದ ಬಟ್ಟೆ ಸರಿಸಿದ ಫಕ್ಕೀರವ್ವ, ಅವನ ಅಂಗಿಯ ಗುಂಡಿ ಹಾಕಿ ಸುಮ್ಮನೆ ನಿಂತಳು.

“ಯವ್ವಾ, ಸ್ವಲ್ಪ ಅಳಬೇಕಿತ್ತ ಬೇ,” ಎಂದಳು ದ್ರಾಕ್ಷಾಯಣಿ.

“ಅವತ್ತೂ ಅಳು ಬರ್ಲಿಲ್ಲ ತಂಗಿ. ಇವತ್ತ ಎಲ್ಲಿಂದ ತರ್ಲಿ?” ಎಂದ ಆಕೆ, ನಟನ ಮುಖಕ್ಕೆ ಮತ್ತೆ ಬಟ್ಟೆ ಹೊದಿಸಿ ಕೇಳಿದಳು, “ಕೊಂದಾಂವ ಕಡೀಕ ಸಿಗ್ತಾನೇನ ಇದರಾಗ?”

“ಇಲ್ಲ ಬೇ. ಖರೇನೂ ಸಿಕ್ಕಿಲ್ಲಲ್ಲ.”

“ಸಿನಿಮಾದಾಗರ ಸಿಗ್ಲಿ ಬಿಡು.”

ಯಾರು ಎಷ್ಟು ಹೇಳಿದರೂ ಕೊನೆಯನ್ನು ಬದಲಿಸದ ಹಟಮಾರಿ ದ್ರಾಕ್ಷಾಯಣಿ. ಅಂದು ಮಾತ್ರ ಕ್ಯಾಮೆರಾದ ಕಡೆ ತಿರುಗಿ, “ಇಮಾಮಣ್ಣಾ, ನಾಳೆ ಒಂದ ಕೈಬೇಡಿ ಹುಡಕ್ರಿ,” ಎಂದಳು.

ಕೊಲೆಗಾರನ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಇಮಾಮಹುಸೇನನೇ ಬೇಡಿ ತೊಟ್ಟ. ದ್ರಾಕ್ಷಾಯಣಿ ಕ್ಯಾಮೆರಾ ಹಿಡಿದಳು. ಫಕ್ಕೀರವ್ವ ಅವನ ಕಪಾಳಕ್ಕೆ ಹೊಡೆಯಬೇಕೆಂದು ಹೇಳಿಕೊಟ್ಟಿದ್ದರು. ಆಕೆ ಹತ್ತಿರ ಬಂದು, ಅವನ ಮುಖವನ್ನೇ ನೋಡಿ ಕೇಳಿದಳು.

“ನನ್ ಮಗ ಕಡೀಕ ಏನಂದನಪಾ?”

ಅದಕ್ಕೆ ಇಮಾಮಹುಸೇನನಿಗೆ ಯಾರೂ ಮಾತು ಬರೆದುಕೊಟ್ಟಿರಲಿಲ್ಲ. ಅವನು ಬೇಡಿಯ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ಫಕ್ಕೀರವ್ವ ಉತ್ತರಕ್ಕಾಗಿ ಕಾಯುತ್ತ ನಿಂತಳು. ಸಿನಿಮಾ ಅಲ್ಲಿಗೇ ಮುಗಿಯುತ್ತದೆ.

ನಮ್ಮ ತಂಪುಮನೆಯಲ್ಲಿ ಅದನ್ನು ತೋರಿಸಿದೆ. ಬಿಸಿಲು ಇಳಿದಿತ್ತು, ಎಲ್ಲರೂ ಎದ್ದು ಮೇಲೆ ಹೋದರು. ನಾನೂ ಹೋದೆ. ಇಂಥದ್ದನ್ನು ನೋಡಿ ಇಲ್ಲಿ ಬಹಳ ಮಂದಿಗೆ ಏನೂ ಅನಿಸುವುದಿಲ್ಲ, ನನಗೂ ಅನಿಸಲಿಲ್ಲ. ಆದರೂ ಕೂತು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪಾಲಿಗೆ ಅವರೆಲ್ಲ ಗೋಡೆಯ ಮೇಲಿನ ಬೆಳಕು ಮಾತ್ರ. ನಿಮ್ಮಲ್ಲಿ ಫಕ್ಕೀರವ್ವ ಇನ್ನೂ ಬದುಕಿದ್ದಾಳೆ. ಕೊಂದವನೂ ಬದುಕಿರಬೇಕು; ಅವನು ಯಾರೆಂದು ಬಲ್ಲವರೂ ನಿಮ್ಮ ನಡುವೆ ಇದ್ದೇ ಇರಬೇಕು. ಅವನನ್ನು ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ಗುರುಶಿದ್ಧ ಕೊನೆಗೆ ಏನಂದ ಎಂದು ಮಾತ್ರ ಅವನನ್ನು ಕೇಳಿ, ಆ ಮುದುಕಿಗೆ ಹೋಗಿ ಹೇಳಿ.

ನೇಸರಿ
ತೆರೆಗಾಪು, ಮೂರನೇ ತಂಪುಮನೆ